ಯಂತ್ರಾಂಶ ವಿನ್ಯಾಸದಲ್ಲಿ ಪುನರಾವರ್ತಿತ ಮಾಡ್ಯೂಲ್‌ಗಳ ಜೋಡಣೆ: ಪಠ್ಯ ಸಂಪಾದಕದ ಉಪಯೋಗ

ಹಿನ್ನೆಲೆ

ಚಿಪ್‌ಗಳ ವಿನ್ಯಾಸವನ್ನು ವೆರಿಲಾಗ್‌ನಂತಹ ಯಂತ್ರಾಂಶ ವಿವರಣಾ ಭಾಷೆಗಳಲ್ಲಿ ಬರೆಯಲಾಗುತ್ತದೆ. ವೆರಿಲಾಗ್ 1995ರಲ್ಲಿ ಐಇಇಇ 1364 ಎಂಬ ಮಾನಕವಾಯಿತು. ಒಮ್ಮೆ ರಚಿಸಿದ ಮಾಡ್ಯೂಲನ್ನು ಒಂದೇ ವಿನ್ಯಾಸದಲ್ಲಿ ಹಲವು ಬಾರಿ ಬಳಸಬಹುದು. ಹೀಗೆ ಬಳಸಿದ ಪ್ರತಿಯೊಂದು ಪ್ರತಿಯನ್ನು ಇನ್‌ಸ್ಟೆನ್ಸ್ ಎನ್ನುತ್ತಾರೆ.

ಉದಾಹರಣೆಗೆ, 32 ಬಿಟ್‌ಗಳ ಎರಡು ಸಂಖ್ಯೆಗಳನ್ನು ಕೂಡುವ ಸರಳ ಮಂಡಲದಲ್ಲಿ 32 ಫುಲ್ ಆಡರ್‌ಗಳಿರುತ್ತವೆ. ಕೂಡಬೇಕಾದ ಎರಡು ಬಿಟ್‌ಗಳು, ಒಳಬರುವ ಕ್ಯಾರಿ, ಮೊತ್ತ ಮತ್ತು ಹೊರಹೋಗುವ ಕ್ಯಾರಿ ಎಂದು ಪ್ರತಿಯೊಂದಕ್ಕೂ 5 ಸಂಪರ್ಕಗಳು; ಒಟ್ಟು 160.

ಕೈಬರಹದ ಅಪಾಯ

ಸಾಲನ್ನು ನಕಲು ಮಾಡಿ ತಿದ್ದುವಾಗ ಒಂದು ಅಂಕಿ ಹಾಗೆಯೇ ಉಳಿದರೆ, ಎರಡು ಮೊತ್ತಗಳು ಒಂದೇ ತಂತಿಗೆ ಸೇರಿ ಮತ್ತೊಂದು ತಂತಿ ಬರಿದಾಗುತ್ತದೆ. ತಂತಿಯ ಹೆಸರಿನಲ್ಲಿ ಕಾಗುಣಿತ ತಪ್ಪಿದರೆ ವೆರಿಲಾಗ್ ಸಾಮಾನ್ಯವಾಗಿ ಆ ಹೆಸರಿನ ಹೊಸ ಒಂದು ಬಿಟ್ ತಂತಿಯನ್ನು ತಾನೇ ಸೃಷ್ಟಿಸಿಕೊಳ್ಳುತ್ತದೆ. ತಯಾರಾದ ಚಿಪ್‌ನಲ್ಲಿ ಇಂತಹ ದೋಷವನ್ನು ಅಳಿಸಿ ಬರೆಯಲಾಗದು.

ವಿಮ್ ಸಂಪಾದಕದಲ್ಲಿ ವಿಧಾನ

1. ಸೊನ್ನೆಯ ಕ್ರಮಾಂಕದ ಇನ್‌ಸ್ಟೆನ್ಸನ್ನು ಒಂದೇ ಸಾಲಿನಲ್ಲಿ, ಪ್ರತಿ ಪೋರ್ಟಿನ ಹೆಸರು ಸಹಿತ ಬರೆಯತಕ್ಕದ್ದು.
2. 'ಕ್ಯೂ' ಮತ್ತು 'ಎ' ಕೀಲಿಗಳನ್ನು ಒತ್ತಿ ಮ್ಯಾಕ್ರೋ ದಾಖಲಾತಿ ಆರಂಭಿಸತಕ್ಕದ್ದು.
3. ಸಾಲನ್ನು ನಕಲಿಸಿ ಕೆಳಗೆ ಅಂಟಿಸಿ, ಹೊಸ ಸಾಲಿನ ಪ್ರತಿ ಕ್ರಮಾಂಕದ ಬಳಿ ಕಂಟ್ರೋಲ್-ಎ ಒತ್ತಿದರೆ ಅದು ಒಂದರಷ್ಟು ಹೆಚ್ಚುತ್ತದೆ.
4. 'ಕ್ಯೂ' ಒತ್ತಿ ದಾಖಲಾತಿ ಮುಗಿಸತಕ್ಕದ್ದು. ಈಗ ಎರಡು ಸಾಲುಗಳಿರುತ್ತವೆ. ಮ್ಯಾಕ್ರೋವನ್ನು ಇನ್ನು 30 ಬಾರಿ ನಡೆಸಿದರೆ 32 ಪೂರ್ಣವಾಗುತ್ತವೆ.

ಸೊನ್ನೆಯಿಂದ ಆರಂಭವಾಗುವ 07ರಂತಹ ಅಂಕಿಗಳನ್ನು ವಿಮ್‌ನ ಕೆಲವು ಹೊಂದಾಣಿಕೆಗಳು ಅಷ್ಟಮಾನ ಸಂಖ್ಯೆಯೆಂದು ಪರಿಗಣಿಸಿ 010 ಎಂದು ಮುಂದುವರಿಸುತ್ತವೆ. ಆದ್ದರಿಂದ ಮುಂದಿನ ಸೊನ್ನೆಯನ್ನು ಬಿಡುವುದು ಸೂಕ್ತ.

ಇತರ ವಿಧಾನಗಳು

ಈಮ್ಯಾಕ್ಸ್ ಸಂಪಾದಕದ ವೆರಿಲಾಗ್ ಮೋಡ್, ಮಾಡ್ಯೂಲಿನ ಮೂಲ ಕಡತವನ್ನು ಓದಿ ಪೋರ್ಟ್‌ಗಳ ಪಟ್ಟಿಯನ್ನು ತಾನೇ ತುಂಬಬಲ್ಲದು. ಮಾಡ್ಯೂಲಿಗೆ ಹೊಸ ಪೋರ್ಟ್ ಸೇರಿದಾಗ ಅದೇ ಆದೇಶವನ್ನು ಮತ್ತೆ ನೀಡಿದರೆ ಪಟ್ಟಿಯು ಪರಿಷ್ಕೃತವಾಗುತ್ತದೆ. ಮ್ಯಾಕ್ರೋದಲ್ಲಿ ಈ ಅನುಕೂಲವಿಲ್ಲ. ಅದು ಪಠ್ಯವನ್ನು ಮಾತ್ರ ಬಲ್ಲದು, ವಿನ್ಯಾಸವನ್ನಲ್ಲ.

2001ರ ಪರಿಷ್ಕೃತ ಮಾನಕದಲ್ಲಿ ಸೇರ್ಪಡೆಯಾದ ಜನರೇಟ್ ರಚನೆಯಿಂದ 32 ಇನ್‌ಸ್ಟೆನ್ಸ್‌ಗಳನ್ನು ಕೆಲವೇ ಸಾಲುಗಳ ಆವರ್ತನೆಯಲ್ಲಿ ಬರೆಯಬಹುದು. ಸಂಪರ್ಕಗಳು ಒಂದೇ ಕ್ರಮದಲ್ಲಿ ಸಾಗುವಾಗ ಇದೇ ಉತ್ತಮ ಮಾರ್ಗ. ಪ್ರತಿ ಇನ್‌ಸ್ಟೆನ್ಸಿನ ತಂತಿಗಳಿಗೆ ಬೇರೆ ಬೇರೆ ಹೆಸರುಗಳಿದ್ದಲ್ಲಿ ಸಂಪಾದಕದ ನೆರವು ಹೆಚ್ಚು ಉಪಯುಕ್ತ.

ಗಮನಿಸಬೇಕಾದ ಅಂಶಗಳು

* ಪೋರ್ಟ್‌ಗಳನ್ನು ಸ್ಥಾನದ ಕ್ರಮದಿಂದಲ್ಲ, ಹೆಸರಿನಿಂದ ಜೋಡಿಸತಕ್ಕದ್ದು.
* ಕಡತದ ಆರಂಭದಲ್ಲಿ ಡಿಫಾಲ್ಟ್ ನೆಟ್‌ಟೈಪ್ ಸೂಚನೆಗೆ 'ನನ್' ಎಂದು ನಮೂದಿಸಿದರೆ, ಘೋಷಿಸದ ತಂತಿಯ ಹೆಸರು ದೋಷವೆಂದು ವರದಿಯಾಗುತ್ತದೆ.
* ಮೊದಲ ಮತ್ತು ಕೊನೆಯ ಸಾಲುಗಳನ್ನು ಕಣ್ಣಾರೆ ಪರಿಶೀಲಿಸತಕ್ಕದ್ದು. ಮೊದಲ ಸಾಲಿನ ತಪ್ಪು ಉಳಿದ 31 ಸಾಲುಗಳಲ್ಲಿಯೂ ಮರುಕಳಿಸುತ್ತದೆ.