ಹೊಗೆಯಾಡದ ಕೆಂಡದ ಅಪಾಯ

ಹೈದರಾಬಾದಿನ ಚಳಿ ಹಿಮಾಲಯದ ಚಳಿಯಲ್ಲ. ಡಿಸೆಂಬರ್ ರಾತ್ರಿಗಳಲ್ಲಿ ಉಷ್ಣಾಂಶ ಸಾಮಾನ್ಯವಾಗಿ 14–15 ಡಿಗ್ರಿ. ಒಮ್ಮೊಮ್ಮೆ 10ಕ್ಕೂ ಕೆಳಗೆ. ಆದರೆ ಇಲ್ಲಿನ ಮನೆಗಳನ್ನು ಕಟ್ಟುವುದು ಬೇಸಿಗೆಗಾಗಿ. ಕಾವಲುಗಾರರು, ಆಟೋದವರು, ಒಂದೇ ಕೋಣೆಯಲ್ಲಿ ಮೂರ್ನಾಲ್ಕು ಜನ ಮಲಗುವ ಕೆಲಸಗಾರರು ಬೆಂಕಿಯ ಆಸರೆ ಹುಡುಕುವುದು ಸಹಜ.

ಬೀದಿಯಲ್ಲಿ ಕಾಯಿಸಿಕೊಳ್ಳುವ ಬೆಂಕಿಯ ಅನಿಲ ಗಾಳಿಯಲ್ಲಿ ಚದುರಿಹೋಗುತ್ತದೆ. ಉರಿ ಆರಿದ ಮೇಲೆ, 'ಹೊಗೆಯಿಲ್ಲವಲ್ಲ' ಎಂದು ಉಳಿದ ಕೆಂಡವನ್ನು ಬಾಣಲೆಗೋ ಅಂಗೀಠಿಗೋ ತುಂಬಿ ಒಳಗೆ ತಂದು ಬಾಗಿಲು ಹಾಕಿಕೊಂಡರೆ ಅಪಾಯ ಶುರು. 2025ರ ನವೆಂಬರ್‌ನಲ್ಲಿ ಬೆಳಗಾವಿಯ ಅಮನ್ ನಗರದಲ್ಲಿ ಕೋಣೆಯೊಳಗೆ ಕೆಂಡವಿಟ್ಟುಕೊಂಡು ಮಲಗಿದ್ದ ಮೂವರು ಯುವಕರು ಬೆಳಗ್ಗೆ ಏಳಲಿಲ್ಲ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನಲ್ಲಿ ಕೇರಳದ ಎಂಟು ಪ್ರವಾಸಿಗರು ಸತ್ತದ್ದು ಗ್ಯಾಸ್ ಹೀಟರ್ ಇದ್ದ ಕೋಣೆಯಲ್ಲಿ.

ಕೊಂದದ್ದು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಇದ್ದಿಲಿನ ರಾಶಿಯ ತಳದಲ್ಲಿ ಹುಟ್ಟುವ ಕಾರ್ಬನ್ ಡೈಆಕ್ಸೈಡ್ ಮೇಲಿನ ಕಾದ ಇಂಗಾಲದ ನಡುವೆ ಹಾಯುವಾಗ ಮಾನಾಕ್ಸೈಡ್ ಆಗಿ ಬದಲಾಗುತ್ತದೆ. ನಿಗಿನಿಗಿ ಕೆಂಡದ ಮೇಲೆ ಕುಣಿಯುವ ತೆಳುನೀಲಿ ಜ್ವಾಲೆ ಈ ಅನಿಲ ಉರಿಯುತ್ತಿರುವುದರ ಗುರುತು. ಬೂದಿ ಮುಚ್ಚಿ ಕೆಂಡ ಮಂಕಾದಂತೆ ಜ್ವಾಲೆ ಆರುತ್ತದೆ, ಅನಿಲ ಮಾತ್ರ ಉರಿಯದೆ ಹೊರಬರುತ್ತಲೇ ಇರುತ್ತದೆ. ನಾವು ಧೈರ್ಯವಾಗಿ ಒಳಗೆ ತರುವುದು ಅದೇ ಹೊತ್ತಿನಲ್ಲಿ.

ಎಷ್ಟು ಬೇಕು? ಉದ್ದ, ಅಗಲ, ಎತ್ತರ ಹತ್ತತ್ತು ಅಡಿಯ ಕೋಣೆಯಲ್ಲಿ ಸುಮಾರು 28 ಘನ ಮೀಟರ್ ಗಾಳಿ. ಗಾಳಿಯಾಡದಂತೆ ಮುಚ್ಚಿದ್ದರೆ, ಸುಮಾರು 15 ಗ್ರಾಂ ಇಂಗಾಲ ಮಾನಾಕ್ಸೈಡ್ ಆದರೆ ಸಾಕು, ಆ ಗಾಳಿಯ ಸಾವಿರದಲ್ಲೊಂದು ಪಾಲು ವಿಷ. ಕೆಲವು ಗಂಟೆ ಅದನ್ನು ಉಸಿರಾಡಿದರೆ ಪ್ರಾಣಕ್ಕೇ ಸಂಚಕಾರ. ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ನಿದ್ದೆಯಲ್ಲಿರುವವರಿಗೆ ತಲೆನೋವೂ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಬಕೆಟ್ ನೀರಿಟ್ಟರೆ ವಿಷ ಹೀರುತ್ತದೆ ಎಂಬ ನಂಬಿಕೆಯನ್ನು ದಯವಿಟ್ಟು ಬಿಡಿ. ಮಾನಾಕ್ಸೈಡ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ.

ಮಲಗುವ ಕೋಣೆಗೆ ಕೆಂಡ, ಸೀಮೆಎಣ್ಣೆ ಒಲೆ, ಗ್ಯಾಸ್ ಒಲೆ ಯಾವುದೂ ಬೇಡ. ಕಿಟಕಿ ಒಂದಿಷ್ಟು ತೆರೆದಿದ್ದೇವೆ ಎಂಬ ಸಮಾಧಾನವೂ ಸಾಲದು. ನಮ್ಮ ಚಳಿಗೆ ಕಂಬಳಿ, ಕಾಲುಚೀಲ, ನೆಲಕ್ಕೊಂದು ಜಮಖಾನ, ಬಿಸಿನೀರಿನ ಚೀಲ ಬಹುಮಟ್ಟಿಗೆ ಸಾಕು. ವಿದ್ಯುತ್ ಹೀಟರ್ ಈ ವಿಷ ಉಗುಳುವುದಿಲ್ಲ, ಆದರೆ 2000 ವ್ಯಾಟ್‌ನದು ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದಕ್ಕೆ 16 ಆಂಪಿಯರ್ ಸಾಕೆಟ್ಟೇ ಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಕೂಡದು. ಹಾಸಿಗೆ, ಪರದೆಗಳಿಂದ ಮೂರಡಿ ದೂರವಿರಲಿ, ಮಲಗುವ ಮುನ್ನ ಆರಿಸಿ.

ಕೋಣೆಯಲ್ಲಿದ್ದವರಿಗೆಲ್ಲ ಒಟ್ಟಿಗೆ ತಲೆನೋವು, ವಾಕರಿಕೆ, ಮಂಪರು ಬಂದರೆ ಕೂಡಲೇ ಬಯಲಿಗೆ ಬನ್ನಿ, ಆಸ್ಪತ್ರೆಗೆ ಹೋಗಿ. ಅಲ್ಲಿ ಕೆಂಡದ ವಿಷಯ ಮೊದಲು ಹೇಳಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಮಾನಾಕ್ಸೈಡ್ ಹೊತ್ತ ರಕ್ತವನ್ನೂ ಆಮ್ಲಜನಕ ತುಂಬಿದ ರಕ್ತವೆಂದೇ ಎಣಿಸಿ 98 ತೋರಿಸಬಹುದು.