ಗೋಡೆಯ ವಯಸ್ಸು ಹೇಳಿದ ಮಡಕೆ ಚೂರು

ಮಕ್ಕಳೇ, ಕುಂಟೆಬಿಲ್ಲೆ ಆಡಲು ನೀವು ಬಿಲ್ಲೆಗಾಗಿ ಏನನ್ನು ಹುಡುಕುತ್ತೀರಿ? ಹೆಂಚಿನ ಚೂರು, ಇಲ್ಲವೆ ಒಡೆದ ಮಡಕೆಯ ಚೂರು, ಅಲ್ಲವೆ? ಆಟ ಮುಗಿದೊಡನೆ ಅದನ್ನು ಎಸೆದುಬಿಡುತ್ತೀರಿ. ಆದರೆ ಪುರಾತತ್ವಜ್ಞರು ಅಂತಹ ಚೂರನ್ನು ಜೋಪಾನವಾಗಿ ತೆಗೆದಿಡುತ್ತಾರೆ. ನೆಲವನ್ನು ಕ್ರಮವಾಗಿ ಅಗೆದು ಹಿಂದಿನವರ ಬಾಳನ್ನು ತಿಳಿಯುವುದು ಅವರ ಕೆಲಸ. ಹೀಗೆ ಅಗೆಯುವುದಕ್ಕೆ ಉತ್ಖನನ ಎಂದು ಹೆಸರು.

ಅಗೆಯುವಾಗ ಹಳೆಯ ಗೋಡೆಯೊಂದು ಕಂಡಿತೆನ್ನೋಣ. ಅದರ ಮೇಲೆ ಇಸವಿ ಬರೆದಿಲ್ಲ. ಅದನ್ನು ಕಟ್ಟಿದ ಕಾಲವನ್ನು ತಿಳಿಯುವುದು ಹೇಗೆ?

ಒಂದು ಮನೆಯ ಪಾಯದ ಮಣ್ಣಿನಲ್ಲಿ 1990ನೆಯ ಇಸವಿಯ ನಾಣ್ಯ ಸಿಕ್ಕಿತೆನ್ನಿ. ಆ ಮನೆಯನ್ನು 1980ರಲ್ಲಿ ಕಟ್ಟಿರಲು ಸಾಧ್ಯವೆ? ಇಲ್ಲ. 1990ರಲ್ಲಿ ಅಥವಾ ಅನಂತರ ಕಟ್ಟಿರಬೇಕು. ಮಡಕೆ ಚೂರು ಕೂಡ ಈ ನಾಣ್ಯದಂತೆಯೇ. ಮಡಕೆ ಬೇಗ ಒಡೆಯುತ್ತದೆ, ಆದರೆ ಅದರ ಚೂರು ಕೊಳೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಕಾಲ ಕಳೆದಂತೆ ಮಡಕೆಗಳ ಆಕಾರ, ಬಣ್ಣ, ಚಿತ್ತಾರ ಬದಲಾಗುತ್ತವೆ. ಇವುಗಳಿಂದ ಚೂರಿನ ಕಾಲವನ್ನು ಗುರುತಿಸಬಹುದು.

ಪಾಯದ ಮಣ್ಣಿನಲ್ಲಿ ಸಿಕ್ಕ ಚೂರುಗಳಲ್ಲಿ ಎಲ್ಲಕ್ಕಿಂತ ಹೊಸದು ಯಾವುದೋ, ಗೋಡೆ ಅದಕ್ಕಿಂತ ಹಳೆಯದಲ್ಲ. ಆದರೆ ಹೆಗ್ಗಣದ ಬಿಲದಿಂದ ಮೇಲಿನ ಚೂರು ಕೆಳಕ್ಕೆ ಜಾರಿರಲೂಬಹುದು. ಆದ್ದರಿಂದ ಒಂದೇ ಚೂರನ್ನು ನಂಬದೆ ಹಲವು ಚೂರುಗಳನ್ನು ಪರೀಕ್ಷಿಸುತ್ತಾರೆ.

ಪುದುಚೇರಿಯ ಬಳಿ ಅರಿಕಮೇಡು ಎಂಬ ಸ್ಥಳವಿದೆ. 1945ರಲ್ಲಿ ಮಾರ್ಟಿಮರ್ ವೀಲರ್ ಎಂಬ ವಿದ್ವಾಂಸರು ಅಲ್ಲಿ ಉತ್ಖನನ ನಡೆಸಿದರು. ಸುಮಾರು 45 ಮೀಟರ್ ಉದ್ದದ, ಉಗ್ರಾಣದಂತಹ ಇಟ್ಟಿಗೆ ಕಟ್ಟಡದ ಗೋಡೆಗಳು ಅಲ್ಲಿ ಕಂಡವು. ಅಲ್ಲಿಯೇ ಹೊಳೆಯುವ ಕೆಂಪು ಬಟ್ಟಲುಗಳ ಚೂರುಗಳೂ ದೊರೆತವು. ಅವು ಇಟಲಿ ದೇಶದ ಬಟ್ಟಲುಗಳು! ಹಡಗಿನಲ್ಲಿ ಬಂದಿದ್ದವು. ಅಂತಹ ಬಟ್ಟಲುಗಳನ್ನು ಮಾಡುತ್ತಿದ್ದ ಕಾಲ ಮೊದಲೇ ತಿಳಿದಿತ್ತು. ಅದರ ಆಧಾರದಿಂದ ಆ ಕಟ್ಟಡ ಕ್ರಿ.ಶ. ಒಂದನೆಯ ಶತಮಾನದ ನಡುಭಾಗದ್ದೆಂದು ವೀಲರ್ ಲೆಕ್ಕ ಹಾಕಿದರು.

ಕೆಂಪು ಚೂರುಗಳ ಜೊತೆಗೆ ಇನ್ನೊಂದು ಬಗೆಯ ತಟ್ಟೆಯ ಚೂರುಗಳೂ ಅಲ್ಲಿದ್ದವು. ಆ ತಟ್ಟೆಗಳ ಒಳತಳದಲ್ಲಿ ಸಣ್ಣ ಗೀರುಗಳು ಬಳೆಯಾಕಾರದ ಸಾಲುಗಳಾಗಿದ್ದವು. 1947ರಲ್ಲಿ ವೀಲರ್ ಕರ್ನಾಟಕದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದರು. ಅಲ್ಲಿನ ಮೇಲಿನ ಪದರದಲ್ಲೂ ಅದೇ ಬಗೆಯ ತಟ್ಟೆಯ ಚೂರುಗಳು ಸಿಕ್ಕವು! ಹೀಗೆ ಕಡಲ ತೀರದ ಚೂರು ಬಯಲುಸೀಮೆಯ ಊರಿನ ಕಾಲವನ್ನೂ ತಿಳಿಸಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1989ರಿಂದ 1992ರವರೆಗೆ ವಿಮಲಾ ಬೆಗ್ಲಿ ಮತ್ತು ಅವರ ಸಂಗಡಿಗರು ಅರಿಕಮೇಡನ್ನು ಮತ್ತೆ ಅಗೆದರು. ಆ ಊರೂ ಗೀರಿನ ತಟ್ಟೆಗಳೂ ವೀಲರ್ ಎಣಿಸಿದ್ದಕ್ಕಿಂತ ಹಳೆಯವೆಂದು ತಿಳಿಯಿತು. ಹೊಸ ಸಾಕ್ಷಿ ಸಿಕ್ಕಾಗ ಹಳೆಯ ಲೆಕ್ಕವನ್ನು ತಿದ್ದಿಕೊಳ್ಳುವುದೇ ವಿಜ್ಞಾನದ ದಾರಿ.

ಚೂರಿನ ಬೆಲೆ ಅದು ಬಿದ್ದಿದ್ದ ಜಾಗದಲ್ಲಿದೆ. ಯಾವ ಪದರದಲ್ಲಿ, ಯಾವ ಗೋಡೆಯ ಬುಡದಲ್ಲಿ ಇತ್ತು ಎಂಬುದು ತಿಳಿಯದಿದ್ದರೆ ಅದು ಗೋಡೆಯ ವಯಸ್ಸನ್ನು ಹೇಳಲಾರದು. ಆದ್ದರಿಂದ ಮಕ್ಕಳೇ, ಹಳೆಯ ದಿಬ್ಬದಲ್ಲೋ ಪಾಳುಕೋಟೆಯಲ್ಲೋ ಮಡಕೆ ಚೂರು ಕಂಡರೆ ಕೀಳಬೇಡಿ, ಜೇಬಿಗೆ ಹಾಕಿಕೊಳ್ಳಬೇಡಿ. ಇದ್ದಲ್ಲೇ ಬಿಟ್ಟು ನಿಮ್ಮ ಗುರುಗಳಿಗೆ ತಿಳಿಸಿ. ಕುಂಟೆಬಿಲ್ಲೆಗೆ ಮನೆಯ ಹಿತ್ತಲಿನ ಹೆಂಚಿನ ಚೂರೇ ಸಾಕು!