ಅಳತೆ ಬ್ಲೌಸ್ ತರಬೇಕಿಲ್ಲದ ಗಿರಾಕಿ

ನಮ್ಮ ಬೀದಿಯ ಕೊನೆಯಲ್ಲಿ, ಹಿಂದೆ ಯಾರದೋ ಸ್ಕೂಟರ್ ನಿಲ್ಲುತ್ತಿದ್ದ ಜಾಗದಲ್ಲಿ, ಒಂದು ಹೊಲಿಗೆ ಅಂಗಡಿ ಇದೆ. ಮಷಿನು ಒಂದು, ಹೊಲಿಯುವವರೂ ಒಬ್ಬರೇ. ಹೊಸಬರು ಹೋದರೆ “ಅಳತೆ ಬ್ಲೌಸ್ ತಂದಿದ್ದೀರಾ?” ಎಂಬುದು ಮೊದಲ ಪ್ರಶ್ನೆ. ಹಳಬರಿಗೆ ಆ ಪ್ರಶ್ನೆ ಇಲ್ಲ. ರಟ್ಟು ಕಿತ್ತುಹೋದ ಉದ್ದ ನೋಟ್‌ಬುಕ್ಕು ಹೊರಗೆ ಬರುತ್ತದೆ, ನಾಲಿಗೆಗೆ ಬೆರಳು ತಾಗಿಸಿ ಪುಟ ಮಗುಚುತ್ತಾರೆ. ನನ್ನ ಅಕ್ಕನ ಪುಟದಲ್ಲಿ ಎದೆ, ಸೊಂಟ, ತೋಳು ಅಂತ ಅಂಕಿಗಳ ಸಾಲು. ಪಕ್ಕದಲ್ಲಿ ಪೆನ್ಸಿಲಿನಲ್ಲಿ “ಬಲ ಭುಜ ಅರ್ಧ ಇಂಚು ಇಳಿ”. ಈಚೆಗೆ ಇನ್ನೊಂದು ಸಾಲು ಸೇರಿದೆ: “ಒಳಗೆ ಮಾರ್ಜಿನ್ ಜಾಸ್ತಿ”. ಅಕ್ಕ ದಪ್ಪಗಾಗುತ್ತಿದ್ದಾಳೆ ಅಂತ ಟೈಲರಮ್ಮ ಬಾಯಿ ಬಿಟ್ಟಿಲ್ಲ, ಬಟ್ಟೆ ಬಿಟ್ಟಿದ್ದಾರೆ.

ಮೊನ್ನೆ ಅವರ ಮಗ, ಬಿ.ಕಾಂ. ಓದುವ ಹುಡುಗ, ಬಣ್ಣದ ಕಾರ್ಡುಗಳ ಒಂದು ಕಟ್ಟು ಪ್ರಿಂಟ್ ಹಾಕಿಸಿಕೊಂಡು ಬಂದ. ಒಂಬತ್ತು ಬ್ಲೌಸ್ ಹೊಲಿಸಿದರೆ ಹತ್ತನೆಯದು ಫ್ರೀ. “ಖಾಯಂ ಗಿರಾಕಿಗಳಿಗೆ ಏನಾದ್ರೂ ಕೊಡ್ಬೇಕಂತೆ. ಮಾಡ್ಲಾ ಬೇಡ್ವಾ ಅಣ್ಣ?” ಎಂದು ಟೈಲರಮ್ಮ ನನ್ನನ್ನು ಕೇಳಿದರು. ಹಳೇ ಗಿರಾಕಿಗಳ ವಿಷಯದಲ್ಲಿ ನಾವು ನಂಬಿಕೊಂಡು ಬಂದಿರುವುದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ನೋಡುವ ಕೆಲಸ ಶುರುವಾದದ್ದು ಅಲ್ಲಿಂದ.

ತಪ್ಪು ಕಲ್ಪನೆ: ಹತ್ತಕ್ಕೊಂದು ಬಿಟ್ಟರೆ ಹೋಗುವುದು ಶೇ. 10 ಅಷ್ಟೇ.

ಲೆಕ್ಕಕ್ಕೆ ಅಂತ ಲೈನಿಂಗ್ ಬ್ಲೌಸಿನ ಹೊಲಿಗೆ ರೂ. 500 ಎಂದು ಇಟ್ಟುಕೊಳ್ಳಿ. ಲೈನಿಂಗ್ ಬಟ್ಟೆ, ದಾರ, ಹುಕ್ಕು, ಕರೆಂಟು, ಬಾಡಿಗೆಯ ಪಾಲು ಎಲ್ಲ ಸೇರಿ ರೂ. 150. ಕೈಗೆ ಉಳಿಯುವ ಕೂಲಿ ರೂ. 350, ಹತ್ತು ಬ್ಲೌಸಿಗೆ ರೂ. 3,500. ಕಾರ್ಡು ಬಂದ ಮೇಲೆ ಹತ್ತು ಬ್ಲೌಸಿಗೆ ಬರುವುದು ರೂ. 4,500, ಖರ್ಚು ಮಾತ್ರ ಅದೇ ರೂ. 1,500. ಉಳಿಯುವುದು ರೂ. 3,000. ಗಿರಾಕಿಗೆ ಸಿಕ್ಕಿದ್ದು ಶೇ. 10 ರಿಯಾಯಿತಿ, ಟೈಲರಮ್ಮನ ಕೂಲಿಯಲ್ಲಿ ಹೋದದ್ದು ಶೇ. 14. ಬಿಟ್ಟುಕೊಟ್ಟ ಐನೂರನ್ನು ತುಂಬಿಕೊಳ್ಳಬೇಕಾದರೆ ಪ್ರತಿ ಹತ್ತರ ಮೇಲೆ ಹತ್ತಿರ ಹತ್ತಿರ ಇನ್ನೆರಡು ಹೊಲಿಯಬೇಕು.

ಕಿರಾಣಿ ಅಂಗಡಿಯವನಾದರೆ ಹೊಲಿಯುವ ಗೋಜಿಲ್ಲ, ಇನ್ನೆರಡು ಮೂಟೆ ತರಿಸುತ್ತಾನೆ. ಇವರು ಮಾರುತ್ತಿರುವುದು ಕಣ್ಣು, ಬೆನ್ನು ಮತ್ತು ದಿನದ ಗಂಟೆಗಳು. ಗೌರಿ ಹಬ್ಬದ ಮುಂಚಿನ ವಾರ ಬಂದ ಬಟ್ಟೆಯನ್ನೇ ವಾಪಸ್ ಕಳಿಸುವವರಿಗೆ “ಹೆಚ್ಚು ಹೊಲಿದು ಸರಿದೂಗಿಸಿ” ಎನ್ನುವುದರಲ್ಲಿ ಅರ್ಥವೇ ಇಲ್ಲ. ಆ ವಾರ ಯಾರಾದರೂ ತುಂಬಿದ ಕಾರ್ಡು ಹಿಡಿದು ನಿಂತರೆ? ದುಡ್ಡು ಕೊಡುವ ಇನ್ನೊಬ್ಬರ ಬ್ಲೌಸನ್ನು ಪಕ್ಕಕ್ಕಿಟ್ಟು ಪುಕ್ಕಟೆಯದನ್ನು ಮಷಿನಿಗೆ ಹಾಕಬೇಕು.

ತಪ್ಪು ಕಲ್ಪನೆ: ದೊಡ್ಡ ಕಂಪನಿಗಳಿಗೆ ಒಗ್ಗಿದ ಉಪಾಯ ನಮಗೂ ಒಗ್ಗುತ್ತದೆ.

ಈ ಪಾಯಿಂಟು, ಮೈಲಿ, ಕಾರ್ಡುಗಳಿಗೆ ಇವತ್ತಿನ ರೂಪ ಬಂದದ್ದು ವಿಮಾನ ಕಂಪನಿಗಳಿಂದ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಹಾರಿದಷ್ಟು ಮೈಲಿ ಲೆಕ್ಕವಿಟ್ಟು ಪುಕ್ಕಟೆ ಟಿಕೆಟ್ ಕೊಡತೊಡಗಿತು. ಖಾಲಿ ಹಾರಲಿದ್ದ ಸೀಟಿನಲ್ಲಿ ಒಬ್ಬನನ್ನು ಕೂರಿಸಿದರೆ ಕಂಪನಿಗೆ ಬೀಳುವ ಖರ್ಚು ಊಟ, ಒಂದಿಷ್ಟು ಎಣ್ಣೆ, ಅಷ್ಟೇ.

ಕಾರ್ಡು ಕೆಲಸ ಮಾಡುವುದಿಲ್ಲ ಅಂತಲ್ಲ. 2006ರಲ್ಲಿ ಜೋಸೆಫ್ ನ್ಯೂನ್ಸ್ ಮತ್ತು ಝೇವಿಯರ್ ಡ್ರೆಜ್ ಎಂಬ ಸಂಶೋಧಕರು ಕಾರು ತೊಳೆಯುವ ಜಾಗವೊಂದರ ಪ್ರಯೋಗವನ್ನು ಪ್ರಕಟಿಸಿದರು. ಅಲ್ಲಿ 300 ಜನರಿಗೆ ಕಾರ್ಡು ಕೊಟ್ಟಿದ್ದರು. ಅರ್ಧ ಜನರದು ಎಂಟು ಮುದ್ರೆಯ ಖಾಲಿ ಕಾರ್ಡು. ಉಳಿದವರದು ಹತ್ತು ಮುದ್ರೆಯದು, ಆದರೆ ಎರಡು ಮೊದಲೇ ಒತ್ತಿದ್ದು. ಇಬ್ಬರೂ ತೊಳೆಸಬೇಕಾದದ್ದು ಎಂಟೇ ಸಲ. ಖಾಲಿ ಕಾರ್ಡಿನವರಲ್ಲಿ ಪೂರ್ತಿ ಮಾಡಿದವರು ಶೇ. 19, ಎರಡು ಮುದ್ರೆ ಮೊದಲೇ ಬಿದ್ದವರಲ್ಲಿ ಶೇ. 34. ಮನುಷ್ಯನ ಸ್ವಭಾವವೇ ಹಾಗೆ, ಅರ್ಧ ದಾರಿ ಬಂದಾಗಿದೆ ಅಂದರೆ ಕಾಲು ತಾನೇ ಎಳೆಯುತ್ತದೆ.

ಆದರೆ ಕಾರನ್ನು ವಾರಕ್ಕೊಮ್ಮೆ ಬೇಕಾದರೂ ತೊಳೆಸಬಹುದು, ಕಾಫಿಯನ್ನು ದಿನಕ್ಕೆ ಮೂರು ಸಲ ಕುಡಿಯಬಹುದು. ಕಟಿಂಗ್ ಶಾಪಿನಲ್ಲಿ ಕಾರ್ಡು ಕೊಟ್ಟರೆ? ತಲೆಗೂದಲು ತಿಂಗಳಿಗೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ಮುದ್ರೆ ಒತ್ತಿದ ಮಾತ್ರಕ್ಕೆ ಅದು ಅವಸರ ಮಾಡುವುದಿಲ್ಲ. ಹೇಗಿದ್ದರೂ ಬರಲಿದ್ದ ಗಿರಾಕಿ ಹೇಗಿದ್ದರೂ ಬರಲಿದ್ದ ದಿನವೇ ಬರುತ್ತಾನೆ, ಹತ್ತನೇ ಸಲ ದುಡ್ಡು ಕೊಡದೆ ಎದ್ದು ಹೋಗುತ್ತಾನೆ.

ವಿಮಾನದಿಂದ ಕಲಿಯುವ ಪಾಠ ಬೇರೊಂದಿದೆ: ನಮ್ಮ ಖಾಲಿ ಸೀಟು ಯಾವುದು ಎಂದು ಹುಡುಕುವುದು. ಟೈಲರಿಗೆ ಅದು ಆಷಾಢ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಬಟ್ಟೆ ಅಂಗಡಿಗಳು ಆಷಾಢದ ಸೇಲ್ ಹಾಕುವುದು ಸುಮ್ಮನಲ್ಲ. ಹಳಬರ ಬಿಗಿಯಾದ ಬ್ಲೌಸು ಬಿಚ್ಚಿ ಸಡಿಲ ಮಾಡಿಕೊಡುವುದು, ಕಿತ್ತ ಫಾಲ್ ಹಾಕಿಕೊಡುವುದು, ಇಂಥದ್ದನ್ನು ಆ ತಿಂಗಳು ಪುಕ್ಕಟೆ ಮಾಡಿದರೂ ನಷ್ಟ ಕಡಿಮೆ. ಶ್ರಾವಣದಲ್ಲಿ ಅದೇ ಕೆಲಸಕ್ಕೆ ದುಡ್ಡು ತೆಗೆದುಕೊಳ್ಳುವುದೇ ಸರಿ.

ತಪ್ಪು ಕಲ್ಪನೆ: ಖಾಯಂ ಗಿರಾಕಿಗೆ ಕಡಿಮೆ ಮಾಡುವುದು ನಮ್ಮ ಹಿಂದಿನವರ ಪದ್ಧತಿ.

ಇದನ್ನು ಹೇಳುವವರು ಸಾಮಾನ್ಯವಾಗಿ ಕೊಸರನ್ನು ನೆನೆಯುತ್ತಾರೆ. ಅಳೆದು ಸುರಿದ ಮೇಲೆ ಮೇಲೊಂದು ಹಿಡಿ ಹಾಕುವುದು ಕೊಸರು. ಅದಕ್ಕೆ ಹಳಬ, ಹೊಸಬ ಎಂಬ ಭೇದ ಇರಲಿಲ್ಲ. ಕೇಳುವ ಬಾಯಿ ಜೋರಿದ್ದರೆ ಸಂತೆಗೆ ಮೊದಲ ಸಲ ಬಂದವಳಿಗೂ ಸಿಗುತ್ತಿತ್ತು.

ಹಳ್ಳಿಯ ಆಯದ ಪದ್ಧತಿಯನ್ನಂತೂ ರಿಯಾಯಿತಿ ಎನ್ನುವಂತೆಯೇ ಇಲ್ಲ. ಕ್ಷೌರ ಮಾಡುವವರು, ಬಟ್ಟೆ ಒಗೆಯುವವರು, ಕಮ್ಮಾರರು, ಬಡಗಿಗಳು ವರ್ಷವಿಡೀ ದುಡಿಯುತ್ತಿದ್ದರು. ರಾಶಿಯ ಕಾಲದಲ್ಲಿ ಕಣಕ್ಕೆ ಹೋಗಿ ಕಾಳು ತರುತ್ತಿದ್ದರು. ಯಾವ ಮನೆ ಯಾರಿಗೆ ಎಂಬುದು ಮೊದಲೇ ಹಂಚಿಹೋಗಿರುತ್ತಿತ್ತು. ಗಿರಾಕಿ ನಿಷ್ಠೆಯಿಂದ ಬರುತ್ತಿದ್ದ ಎನ್ನಲು ಅಲ್ಲಿ ಆಯ್ಕೆಯೇ ಇರಲಿಲ್ಲ; ದುಡಿಯುವವರಿಗಂತೂ ಜಾತಿಯ ಕಟ್ಟಿನಿಂದ ಬಿಡುಗಡೆ ಇರಲಿಲ್ಲ. ಆ ಕಾಲವನ್ನು “ಎಂಥ ಸಂಬಂಧ!” ಎಂದು ಹೊಗಳುವವರನ್ನು ಕಂಡರೆ ನನಗೆ ಕಿರಿಕಿರಿ. ಆದರೂ ಒಂದು ಗಮನಿಸಬೇಕು: ಹಬ್ಬ, ಮದುವೆ ಬಂದಾಗ ಹೆಚ್ಚಿನದು ಹೋಗುತ್ತಿದ್ದದ್ದು ಮನೆಯವರಿಂದ ಕೆಲಸದವರಿಗೆ. ಈಗ ನಾವು ಅದನ್ನು ತಿರುವು ಮುರುವು ಮಾಡಿ ಕೇಳುತ್ತಿದ್ದೇವೆ.

ನಿಜವಾಗಿ ಹೋಲಿಸಬಹುದಾದದ್ದು ವರ್ತನೆ. ವರ್ತನೆ ಹಾಲು, ವರ್ತನೆ ಹೂವು ಎನ್ನುವ ಮಾತು ಇನ್ನೂ ಹಳೇ ಬಡಾವಣೆಗಳಲ್ಲಿ ಬದುಕಿದೆ. ದಿನಾ ಬೆಳಿಗ್ಗೆ ಗೇಟಿಗೆ ಎರಡು ಮೊಳ ಹೂವು ನೇತುಹಾಕಿ ಹೋಗುವ ಹೂವಮ್ಮ ವರ್ತನೆಯ ಮನೆಗೆ ಅಗ್ಗದಲ್ಲಿ ಕೊಡುತ್ತಾರೆಂದಲ್ಲ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮಾರುಕಟ್ಟೆಯಲ್ಲಿ ಮಲ್ಲಿಗೆ ಕೈಗೆ ಸಿಗದೆ ಜನ ಒದ್ದಾಡುವಾಗಲೂ ಆ ಗೇಟಿನಲ್ಲಿ ಹೂವು ಇರುತ್ತದೆ. ಆ ದಿನ ಹತ್ತು ರೂಪಾಯಿ ಹೆಚ್ಚು ಕೇಳಬಹುದು. ಹೂವು ಬಂತಲ್ಲ!

ತಪ್ಪು ಕಲ್ಪನೆ: ಹಳೇ ಗಿರಾಕಿ ಅಂದರೆ ಲಾಭದ ಗಿರಾಕಿ.

ಈ ಮಾತಿಗೆ ಬಲ ಕೊಟ್ಟದ್ದು 1990ರಲ್ಲಿ ಫ್ರೆಡರಿಕ್ ರೈಖೆಲ್ಡ್ ಮತ್ತು ಅರ್ಲ್ ಸ್ಯಾಸರ್ ಬರೆದ ಒಂದು ಲೇಖನ. ಬಿಟ್ಟುಹೋಗುವ ಗಿರಾಕಿಗಳನ್ನು ಶೇ. 5ರಷ್ಟು ತಡೆದರೆ ಲಾಭ ಶೇ. 25ರಿಂದ 85ರವರೆಗೆ ಏರಬಹುದು ಎಂದಿತ್ತು ಅದರಲ್ಲಿ. ಕ್ರೆಡಿಟ್ ಕಾರ್ಡು, ಇನ್ಶೂರೆನ್ಸ್‌ನಂಥ ವ್ಯವಹಾರಗಳ ಲೆಕ್ಕ ಅದು. ಇವತ್ತು ಪಾರ್ಲರ್ ನಡೆಸುವವರಿಗೂ ಯೋಗ ಕಲಿಸುವವರಿಗೂ ಅದನ್ನೇ ಮಂತ್ರದಂತೆ ಹೇಳಿಕೊಡುತ್ತಾರೆ. 2002ರಲ್ಲಿ ವರ್ನರ್ ರೈನಾರ್ಟ್ಸ್ ಮತ್ತು ವಿ. ಕುಮಾರ್ ನಾಲ್ಕು ಕಂಪನಿಗಳ ಗಿರಾಕಿಗಳ ಲೆಕ್ಕ ತೆಗೆದು ನೋಡಿದಾಗ ಕಂಡದ್ದು ಬೇರೆ: ಬಹುಕಾಲದಿಂದ ಬರುವುದಕ್ಕೂ ಲಾಭಕ್ಕೂ ಇದ್ದ ನಂಟು ಬಲು ಸಡಿಲ. ಹಳಬರು ಹೆಚ್ಚು ಕೊಡಲು ಸಿದ್ಧರಿರಲಿಲ್ಲ. ನಾವು ಹಳಬರಲ್ಲವೇ ಎಂದು ಕಡಿಮೆಯನ್ನೇ ಬಯಸುತ್ತಿದ್ದರು.

ಇದಕ್ಕೆ ಸಂಶೋಧನೆ ಬೇಕೇ? ನನ್ನ ಪರಿಚಯದ ಸಂಗೀತ ಮೇಷ್ಟ್ರೊಬ್ಬರು ಹೊಸ ಮಕ್ಕಳಿಗೆ ತಿಂಗಳಿಗೆ ಸಾವಿರ ತೆಗೆದುಕೊಳ್ಳುತ್ತಾರೆ. ಎಂಟು ವರ್ಷದಿಂದ ಬರುತ್ತಿರುವ ಹುಡುಗಿ ಈಗಲೂ ಕೊಡುವುದು ಐನೂರು. ಸರಳೆ ವರಸೆ ಹೇಳಿಕೊಡುವಾಗ ಅರ್ಧ ಗಂಟೆ ಸಾಕಿತ್ತು. ಈಗ ಕಲ್ಪನಾಸ್ವರ, ಎರಡು ಗಂಟೆ. ಹಳೇ ಶಿಷ್ಯೆ, ಹೇಗೆ ಕೇಳುವುದು ಎಂಬ ಸಂಕೋಚ. ಮೇಷ್ಟ್ರು ಬಹುಮಾನ ಕೊಡುತ್ತಲೇ ಇದ್ದಾರೆ, ಅದು ಅವರಿಗೂ ಗೊತ್ತಿಲ್ಲ, ಶಿಷ್ಯೆಯ ಅಪ್ಪನಿಗೂ ಗೊತ್ತಿಲ್ಲ.

ನನ್ನ ಮಟ್ಟಿಗೆ ಹೇಳುವುದಾದರೆ, ವರ್ಷಕ್ಕೊಮ್ಮೆ ಯುಗಾದಿಗೋ ಜೂನಿಗೋ ರೇಟು ಏರಿಸಿ, ಒಂದು ತಿಂಗಳು ಮುಂಚೆ ಹೇಳಿದರೆ ಯಾರೂ ಕೆಡುವುದಿಲ್ಲ. ಹಳಬರಿಗೆ ಹೊಸ ರೇಟು ಎರಡು ತಿಂಗಳು ತಡವಾಗಿ ಹತ್ತಲಿ, ಬೇಕಾದರೆ.

ತಪ್ಪು ಕಲ್ಪನೆ: ಕೊಡುವುದು ಅಂದರೆ ದುಡ್ಡಿನ ರೂಪದಲ್ಲೇ ಕೊಡಬೇಕು.

ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳ ಕಥೆ ನೆನಪಿಡುವಂಥದ್ದು. ಸಂಜೆ ಮಕ್ಕಳನ್ನು ಕರೆದೊಯ್ಯಲು ತಾಯ್ತಂದೆಯರು ತಡ ಮಾಡುತ್ತಿದ್ದರು. ಉರಿ ಗ್ನೀಝಿ, ಆಲ್ಡೊ ರುಸ್ತಿಕಿನಿ ಎಂಬ ಅರ್ಥಶಾಸ್ತ್ರಜ್ಞರು ಕೆಲವು ಶಿಶುವಿಹಾರಗಳಲ್ಲಿ ತಡವಾದರೆ ದಂಡ ಎಂದು ಮಾಡಿಸಿದರು. 2000ದಲ್ಲಿ ಪ್ರಕಟವಾದ ಫಲಿತಾಂಶ: ತಡವಾಗಿ ಬರುವವರು ಹೆಚ್ಚು ಕಡಿಮೆ ಎರಡರಷ್ಟಾದರು. ಮೊದಲು ಟೀಚರಮ್ಮ ಕಾಯುತ್ತಾರಲ್ಲ ಎಂಬ ಮುಜುಗರವಿತ್ತು. ಈಗ ದುಡ್ಡು ಕೊಟ್ಟರೆ ಮುಗಿಯಿತು. ದಂಡ ತೆಗೆದ ಮೇಲೂ ಆ ಮುಜುಗರ ತಿರುಗಿ ಬರಲಿಲ್ಲ.

ಅದು ದಂಡ, ಇದು ಬಹುಮಾನ, ಎರಡೂ ಒಂದೇ ಅಲ್ಲ ನಿಜ. ಆದರೆ ಬೆಲೆ ಇಲ್ಲದ ಕಡೆ ಬೆಲೆ ಚೀಟಿ ಅಂಟಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಕ್ಕ ಟೈಲರಮ್ಮನ ಹತ್ತಿರ ಹೋಗುವುದು ಐವತ್ತು ರೂಪಾಯಿ ಉಳಿಯಲಿ ಅಂತಲ್ಲ. ರೇಷ್ಮೆ ಸೀರೆಯ ಜೊತೆ ಬಂದ ಬ್ಲೌಸ್ ಪೀಸು ಒಂದೇ ಒಂದು. ಹೊಸ ಟೈಲರು ಕತ್ತರಿ ತಪ್ಪಿದರೆ ಅದೇ ಜರಿ, ಅದೇ ಬಣ್ಣ ಮತ್ತೆಲ್ಲಿಂದ ತರುವುದು? ಆ ಹೆದರಿಕೆಯೇ ಅವಳನ್ನು ಹಿಡಿದಿಟ್ಟಿದೆ. ಅವಳಿಗೆ ಹತ್ತಕ್ಕೊಂದು ಫ್ರೀ ಅಂತ ತೋರಿಸಿದರೆ, ಬಸ್‌ಸ್ಟ್ಯಾಂಡಿನ ಹತ್ತಿರ ಎಂಟಕ್ಕೊಂದು ಫ್ರೀ ಇದೆಯೋ ಎಂದು ನೋಡುವುದನ್ನು ನಾವೇ ಕಲಿಸಿದ ಹಾಗೆ.

ಇಂಥ ಕೆಲಸಗಳಲ್ಲಿ ಕೊಡಬೇಕಾದದ್ದು ಸರದಿ. “ಹಬ್ಬಕ್ಕೆ ನಿಮ್ಮದು ಎರಡಿಟ್ಟಿರ್ತೀನಿ, ಬಟ್ಟೆ ಮಾತ್ರ ಹದಿನೈದು ದಿನ ಮುಂಚೆ ಕೊಡಿ” ಎಂಬ ಒಂದು ಫೋನು ಕರೆಗೆ ಟೈಲರಮ್ಮನ ಕೈಯಿಂದ ಪೈಸೆ ಹೋಗುವುದಿಲ್ಲ. ಮಂಗಳವಾರ ರಜೆ ಇರುವ ಕಟಿಂಗ್ ಶಾಪಿನಲ್ಲಿ ಭಾನುವಾರ ಬೆಳಿಗ್ಗೆ ಬೆಂಚು ತುಂಬಿರುತ್ತದೆ. ಅಲ್ಲಿ “ಏಳೂವರೆಗೇ ಬಂದ್ಬಿಡಿ ಅಣ್ಣ, ಯಾರೂ ಇರಲ್ಲ” ಎಂಬ ಮಾತಿಗಿಂತ ಇನ್ನೇನು ಬೇಕು? ಆದರೆ ಅದನ್ನು ಬೆಂಚು ತುಂಬುವ ಮೊದಲೇ ಹೇಳಬೇಕು. ಕಾಯುತ್ತ ಕೂತವರ ಎದುರಿಗೆ ಹಳಬನನ್ನು ಎಬ್ಬಿಸಿ ಕುರ್ಚಿಗೆ ಕೂರಿಸಿದರೆ, ಬಹುಮಾನ ಕೊಟ್ಟದ್ದು ಅಂಗಡಿಯವನಾದರೂ ಅದಕ್ಕೆ ದುಡ್ಡು ತೆತ್ತವರು ಬೆಂಚಿನವರು.

ತಪ್ಪು ಕಲ್ಪನೆ: ಇನ್ನೊಬ್ಬರನ್ನು ಕರೆತಂದವರಿಗೆ ಏನಾದರೂ ಕೊಡುವುದು ಎಲ್ಲ ವೃತ್ತಿಗೂ ಸರಿ.

ಟೈಲರು, ಪಾರ್ಲರಿನವರು ಕೊಡಲಿ. ವೈದ್ಯರು ಕೊಡುವಂತಿಲ್ಲ; ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ಕೊಡುವುದನ್ನೂ ತೆಗೆದುಕೊಳ್ಳುವುದನ್ನೂ ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳೇ ನಿಷೇಧಿಸಿವೆ.

ತಪ್ಪು ಕಲ್ಪನೆ: ಹೊಸಬರಿಗೆ ಕೊಟ್ಟ ಆಫರು ಹಳಬರಿಗೆ ಗೊತ್ತಾಗುವುದಿಲ್ಲ.

ಗೊತ್ತಾಗುತ್ತದೆ. ಮನೆಗೇ ಬಂದು ಫೇಶಿಯಲ್ ಮಾಡುವ ಹುಡುಗಿಯೊಬ್ಬಳು ಮೊದಲ ಸಲದವರಿಗೆ ಮುನ್ನೂರು ಕಡಿಮೆ ಎಂದು ಸ್ಟೇಟಸ್ ಹಾಕಿದಳು. ಅದನ್ನು ಮೊದಲು ನೋಡಿದವರು ಯಾರು? ಅವಳ ನಂಬರು ಇದ್ದವರು, ಅಂದರೆ ಹಳಬರೇ. ಮೂರು ವರ್ಷದಿಂದ ಪೂರ್ತಿ ರೇಟು ಕೊಡುತ್ತಿದ್ದ ನಮ್ಮ ಅತ್ತಿಗೆ ತಂಗಿಯ ನಂಬರಿನಿಂದ ಬುಕ್ ಮಾಡಿದರು.

ಟೈಲರಮ್ಮನಿಗೆ ಇಷ್ಟನ್ನೂ ಹೇಳಲಿಲ್ಲ. ಶೇ. 14ರ ಲೆಕ್ಕ ತೋರಿಸಿದೆ, ಅದೇ ಸಾಕಾಯಿತು. ಕಾರ್ಡುಗಳ ಹಿಂಬದಿ ಖಾಲಿ ಇತ್ತು. ಈಗ ಅದರ ಮೇಲೆ ಹೆಸರು, ತಾರೀಕು ಬರೆದು ಬಟ್ಟೆಗೆ ಪಿನ್ ಹಾಕುತ್ತಿದ್ದಾರೆ. ಅಕ್ಕನಿಗೆ ಈ ಸಲ ಐವತ್ತು ರೂಪಾಯಿ ಜಾಸ್ತಿ ಹೇಳಿದರಂತೆ, ಗೌರಿ ಹಬ್ಬಕ್ಕೆ ನಾಲ್ಕು ದಿನ ಮುಂಚೆ ಕೊಡುವುದಾಗಿಯೂ ಹೇಳಿದರಂತೆ. ಅಕ್ಕ ಮನೆಗೆ ಬಂದು ಅರ್ಧ ಗಂಟೆ ಗೊಣಗಿದಳು. ಮಾರನೇ ದಿನ ನಾದಿನಿಯ ಎರಡು ಬ್ಲೌಸ್ ಪೀಸನ್ನೂ ಕೊಟ್ಟು ಬಂದಳು.